ಅಜ್ಜಿಗೂ ಮೊಮ್ಮಗಳಿಗೂ ಒಂದೇ ಚಿತ್ರ ಅರ್ಥವಾಗಲಿ: ಕನ್ನಡಕ್ಕೆ ಡಬ್ಬಿಂಗ್ ಮಾಡಿಸುವವರಿಗೆ, ಜಾರ್ಜಿಯಾದಲ್ಲಿ ಓದಿ ಬಂದವಳ ಬಹಿರಂಗ ಪತ್ರ

ಇವರಿಗೆ,
ಹೊರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿಸುವ ನಿರ್ಮಾಪಕರು, ವಿತರಕರು, ಟಿ.ವಿ. ವಾಹಿನಿಗಳು ಹಾಗೂ ಒಟಿಟಿ ಸಂಸ್ಥೆಗಳ ಮುಖ್ಯಸ್ಥರು.

ಮಾನ್ಯರೇ,

ನಾನು ಹಾಸನ ಜಿಲ್ಲೆಯವಳು. ವೈದ್ಯಕೀಯ ಓದಲೆಂದು ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಗೆ ಹೋಗಿ ಅಲ್ಲಿ ಆರು ವರ್ಷ ಇದ್ದು ಬಂದವಳು. ಚಿತ್ರೋದ್ಯಮಕ್ಕೂ ನನಗೂ ಯಾವ ನಂಟೂ ಇಲ್ಲ. ಟಿಕೆಟ್ ಕೊಂಡು ಚಿತ್ರ ನೋಡುವ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಆದರೂ ನಿಮಗೆ ಇಷ್ಟು ಉದ್ದದ ಪತ್ರ ಬರೆಯಲು ಕಾರಣವಿದೆ. ನಲವತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಒಂದು ಪುಟ್ಟ ದೇಶ ಹೊರಗಿನ ಚಿತ್ರಗಳನ್ನು ತನ್ನ ಭಾಷೆಯಲ್ಲಿ ಕೇಳಿಸಿಕೊಳ್ಳುವುದನ್ನು ಎಷ್ಟು ದೊಡ್ಡ ವಿಷಯವೆಂದು ಭಾವಿಸುತ್ತದೆ ಎಂಬುದನ್ನು ನಾನು ಒಂದು ಮನೆಯೊಳಗೆ ಕುಳಿತು ನೋಡಿದ್ದೇನೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಆ ದೇಶದ ಜನಸಂಖ್ಯೆಯ ಹತ್ತು ಪಟ್ಟಿಗೂ ಹೆಚ್ಚು. ಹಾಗಿದ್ದೂ ನಮ್ಮ ಭಾಷೆಗೆ ನೀವು ತರುತ್ತಿರುವ ಚಿತ್ರಗಳನ್ನು ನೋಡಿದಾಗ ನನಗೆ ಆಗುವ ನೋವನ್ನು ಹೇಳಿಕೊಳ್ಳದೆ ಇರಲಾರೆ.

ಮೊದಲು ಆ ಮನೆಯ ಮಾತು. ಟಿಬಿಲಿಸಿಯ ಸಬುರ್ತಾಲೊ ಎಂಬ ಬಡಾವಣೆಯಲ್ಲಿ, ಸೋವಿಯತ್ ಕಾಲದ ಒಂದು ಹಳೆಯ ಕಟ್ಟಡದ ಐದನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಮನೆಯವರೆಲ್ಲ ಆಕೆಯನ್ನು ‘ಬೆಬೊ’ ಎನ್ನುತ್ತಿದ್ದರು. ಜಾರ್ಜಿಯನ್ನಿನಲ್ಲಿ ಹಾಗೆಂದರೆ ಅಜ್ಜಿ. ನಾನೂ ಹಾಗೆಯೇ ಕರೆಯತೊಡಗಿದೆ. ಬೆಬೊಗೆ ರಷ್ಯನ್ ಭಾಷೆ ತಾಯ್ನುಡಿಯಷ್ಟೇ ಸಲೀಸು, ಇಂಗ್ಲಿಷ್ ಒಂದಕ್ಷರ ಬಾರದು. ಆಕೆಯ ಆರು ವರ್ಷದ ಮೊಮ್ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗಿತ್ತು, ರಷ್ಯನ್ ತಿಳಿಯದು. ನಡುವೆ ಇದ್ದ ಮಗಳಿಗೆ ಎರಡೂ ಅರ್ಧರ್ಧ. ಮೂರು ತಲೆಮಾರು ಒಂದು ಸೋಫಾದ ಮೇಲೆ ಕುಳಿತು ಒಂದು ಚಿತ್ರ ನೋಡಬೇಕೆಂದರೆ ಅದು ಮಾತಾಡಬೇಕಾದ ಭಾಷೆ ಒಂದೇ: ಜಾರ್ಜಿಯನ್. ರಷ್ಯನ್ನಿನಲ್ಲಿ ಹಾಕಿದರೆ ಮಗು ಎದ್ದು ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಹಾಕಿದರೆ ಅಜ್ಜಿ ಅಡುಗೆಮನೆಗೆ ಹೋಗುತ್ತಿದ್ದರು. ಕೆಳಗೆ ಅಕ್ಷರ ಹಾಕಿದರೆ ಮಗುವಿಗೆ ಓದುವ ವೇಗ ಸಾಲದು, ಅಜ್ಜಿಗೆ ಕಣ್ಣು ಸಾಲದು. ಡಬ್ಬಿಂಗ್ ಎಂದರೆ ಏನು ಎಂದು ನನಗೆ ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಸೋಫಾ.

ನಾನು ಅಲ್ಲಿದ್ದಾಗ ಟಿ.ವಿ.ಯಲ್ಲಿ ಹಿಂದಿ ಧಾರಾವಾಹಿಗಳೂ ಜಾರ್ಜಿಯನ್ ದನಿಯಲ್ಲಿ ಬರುತ್ತಿದ್ದವು. ಅದು ನಾವು ತಿಳಿದಿರುವಂಥ ಪೂರ್ಣ ಡಬ್ಬಿಂಗ್ ಅಲ್ಲ. ಮೂಲದ ದನಿಯನ್ನು ತಗ್ಗಿಸಿ, ಅದರ ಮೇಲೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಎಲ್ಲ ಪಾತ್ರಗಳ ಮಾತನ್ನೂ ಹೇಳಿಕೊಂಡು ಹೋಗುವ ಪದ್ಧತಿ. ಸೋವಿಯತ್ ಒಕ್ಕೂಟ ಒಡೆದ ಮೇಲಿನ ದಿನಗಳಲ್ಲಿ ಕರೆಂಟಿಗೇ ಬರವಿದ್ದ ದೇಶದಲ್ಲಿ, ಕಡಿಮೆ ಖರ್ಚಿನಲ್ಲಿ ಹೊರಗಿನ ಕಾರ್ಯಕ್ರಮಗಳನ್ನು ತಮ್ಮ ಮಾತಿಗೆ ತಂದುಕೊಳ್ಳಲು ಅವರಿಗೆ ದಕ್ಕಿದ ದಾರಿ ಅದು. ಈ ಕೆಲಸಕ್ಕೆ ಅವರು ‘ಗಖ್ಮೊವನೆಬಾ’ ಎನ್ನುತ್ತಾರೆ. ‘ಖ್ಮಾ’ ಎಂದರೆ ದನಿ. ದನಿ ಕೊಡುವುದು ಎಂದು ಅರ್ಥ. ನಾನು ಆ ಸೋಫಾದ ತುದಿಯಲ್ಲಿ ಕುಳಿತು ತಳದಲ್ಲಿ ಸಣ್ಣಗೆ ಹಿಂದಿಯನ್ನೂ ಮೇಲೆ ಜಾರ್ಜಿಯನ್ನನ್ನೂ ಒಟ್ಟಿಗೆ ಕೇಳುತ್ತಿದ್ದೆ. ಆ ಭಾಷೆಯನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಸ್ವಲ್ಪ, ಉಳಿದದ್ದೆಲ್ಲ ಅಲ್ಲಿ.

ಒಂದು ಸಂಜೆ ಬೆಬೊ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಆಕೆ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ರಾಜ್ ಕಪೂರರ ‘ಆವಾರಾ’ ನೋಡಿದ್ದರು. 1954ರಲ್ಲಿ ಸೋವಿಯತ್ ದೇಶದಲ್ಲಿ ಬಿಡುಗಡೆಯಾಗಿ ಅಲ್ಲಿನ ಮನೆಮಾತಾದ ಚಿತ್ರ ಅದು. ಅದರ ಹಾಡಿನ ಧಾಟಿ ಆಕೆಗೆ ಈಗಲೂ ಬಾಯಿಗೆ ಬರುತ್ತಿತ್ತು. ಆದರೆ ಹಾಡು ಹಿಂದಿಯಲ್ಲೇ ಉಳಿದಿದ್ದರೂ ಮಾತೆಲ್ಲ ರಷ್ಯನ್. ಹೊರದೇಶದ ಚಿತ್ರಗಳು ಆಗ ಮಾಸ್ಕೋದ ಬಾಗಿಲು ದಾಟಿ, ಬಹುಮಟ್ಟಿಗೆ ರಷ್ಯನ್ ಮಾತಾಡಿಕೊಂಡೇ ಟಿಬಿಲಿಸಿಗೆ ಬರುತ್ತಿದ್ದವು. ಬೆಬೊ ನನಗೆ ಹೇಳಿದ್ದು ಇಷ್ಟು: ‘ಆಗ ನಿಮ್ಮವರು ಮಾಸ್ಕೋಗೆ ಬಂದಿದ್ದರು, ನಾವು ಅಲ್ಲಿಂದ ನೋಡಿದೆವು. ಈಗ ನನ್ನ ಮನೆಗೆ ಬಂದಿದ್ದಾರೆ.’

ಮಾನ್ಯರೇ, ಈ ಮಾತಿನ ಹಿಂದೆ ಒಂದು ದೊಡ್ಡ ಚರಿತ್ರೆ ಇದೆ. 1978ರಲ್ಲಿ ಸೋವಿಯತ್ ಜಾರ್ಜಿಯಾದ ಹೊಸ ಸಂವಿಧಾನದ ಕರಡಿನಿಂದ ‘ರಾಜ್ಯಭಾಷೆ ಜಾರ್ಜಿಯನ್’ ಎಂಬ ವಿಧಿಯನ್ನು ತೆಗೆದುಹಾಕಲು ಹೊರಟಾಗ, ಏಪ್ರಿಲ್ 14ರಂದು ವಿದ್ಯಾರ್ಥಿಗಳೂ ಸಾಮಾನ್ಯರೂ ಸಾವಿರಾರು ಸಂಖ್ಯೆಯಲ್ಲಿ ಟಿಬಿಲಿಸಿಯ ಬೀದಿಗೆ ಇಳಿದರು. ಸೋವಿಯತ್ ಆಡಳಿತದ ಎದುರು ಹಾಗೆ ನಿಲ್ಲುವುದು ಎಂಥ ಅಪಾಯವೆಂದು ಅವರಿಗೆ ಗೊತ್ತಿತ್ತು. ಸರ್ಕಾರ ಮಣಿಯಿತು, ವಿಧಿ ಉಳಿಯಿತು. ಆ ದಿನವನ್ನು ಅವರು ಈಗಲೂ ತಾಯ್ನುಡಿಯ ದಿನವೆಂದು ಆಚರಿಸುತ್ತಾರೆ. ನಾಲ್ಕು ವರ್ಷಗಳ ಬಳಿಕ ನಮ್ಮಲ್ಲಿ ಗೋಕಾಕ್ ಚಳವಳಿ ನಡೆಯಿತು ಎಂದು ನಾನು ಬೆಬೊಗೆ ಹೇಳಿದಾಗ ಆಕೆ ಕೇಳಿದ ಮೊದಲ ಪ್ರಶ್ನೆ ‘ಗೆದ್ದಿರಾ?’ ಎಂದು. ಏನು ಉತ್ತರ ಕೊಡಬೇಕೆಂದು ನನಗೆ ಹೊಳೆಯಲಿಲ್ಲ.

ಸ್ವತಂತ್ರವಾದ ಮೇಲೂ ಅಲ್ಲಿನ ಚಿತ್ರಮಂದಿರಗಳಲ್ಲಿ ಬಹಳ ಕಾಲ ರಷ್ಯನ್ ದನಿಯ ಪ್ರತಿಗಳೇ ಓಡುತ್ತಿದ್ದವು. ಹಾಲಿವುಡ್ ಚಿತ್ರವೂ ರಷ್ಯನ್ ಮಾತಾಡುತ್ತಿತ್ತು. ಹೊರಗಿನ ಚಿತ್ರ ಜಾರ್ಜಿಯನ್ ದನಿಯಲ್ಲಾದರೂ ಇರಬೇಕು, ಜಾರ್ಜಿಯನ್ ಅಡಿಬರಹದೊಡನಾದರೂ ಇರಬೇಕು ಎಂಬ ನಿಯಮ ಬಂದದ್ದು 2010ರ ದಶಕದ ಆರಂಭದಲ್ಲಿ. ಅಷ್ಟು ಚಿಕ್ಕ ಮಾರುಕಟ್ಟೆಗೆ ಇದು ಹೊರೆ ಎಂದು ವಾದಿಸುವವರಿಗೆ ಕಾರಣಗಳೇನೂ ಕಡಿಮೆ ಇರಲಿಲ್ಲ. ಹೊರೆಯೆಂದು ತಿಳಿದೂ ಅವರು ಹೊತ್ತರು.

ಇದು ಅವರಿಗೆ ಹೊಸ ಅಭ್ಯಾಸವಲ್ಲ ಎಂಬುದನ್ನೂ ಹೇಳಬೇಕು. ಹೊರಗಿನದನ್ನು ತಂದುಕೊಂಡು ತಮ್ಮದಾಗಿ ಮಾಡಿಕೊಳ್ಳುವುದರಲ್ಲಿ ಜಾರ್ಜಿಯನ್ನರು ಸಾವಿರ ವರ್ಷ ಪಳಗಿದವರು. ನಮ್ಮ ಬುದ್ಧನ ಕಥೆ ಅರಬ್ಬಿಯ ಮೂಲಕ ಜಾರ್ಜಿಯನ್ನಿಗೆ ಹೋಗಿ, ಅಲ್ಲಿಂದ ಗ್ರೀಕಿಗೆ ಹೋಗಿ, ಯುರೋಪಿನಲ್ಲೆಲ್ಲ ಒಬ್ಬ ಕ್ರೈಸ್ತ ಸಂತನ ಕಥೆಯಾಗಿ ಹರಡಿತು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರವೇ ಬೇರೆ ದಾರಿ ಹಿಡಿದು, ಪರ್ಷಿಯನ್ನಿನ ಮೂಲಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜಾರ್ಜಿಯಾದ ಆರನೆಯ ವಖ್ತಾಂಗ್ ದೊರೆಯ ಕೈಗೆ ತಲುಪಿತು. ಸುಲ್ಖಾನ್ ಸಾಬಾ ಒರ್ಬೆಲಿಯಾನಿ ಎಂಬ ಲೇಖಕ ಅದನ್ನು ತಿದ್ದಿ ಚೆಂದಗೊಳಿಸಿದ. ಇವಾನೆ ಮಚಬೆಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಾಡಿದ ಶೇಕ್ಸ್‌ಪಿಯರ್ ಅನುವಾದಗಳು ಇಂದಿಗೂ ಅಲ್ಲಿ ರಂಗದ ಮಾತಾಗಿ ಬದುಕಿವೆ. ಅನುವಾದಕ್ಕೆ ಅವರ ಪದ ‘ತರ್ಗ್‌ಮ್ನಾ’. ನಮ್ಮ ‘ತರ್ಜುಮೆ’ಯೂ ಅದೂ ಒಂದೇ ಬಹು ಹಳೆಯ ಬೇರಿನಿಂದ ಬಂದವು ಎಂದು ತಿಳಿದ ದಿನ ನನಗೆ ಊರಿನವರೊಬ್ಬರು ದಾರಿಯಲ್ಲಿ ಸಿಕ್ಕಷ್ಟು ಸಂತೋಷವಾಗಿತ್ತು.

ಇನ್ನು ನನ್ನ ದೂರಿಗೆ ಬರುತ್ತೇನೆ. ಆ ದೂರಿನ ಜೀವ ಇರುವುದು ಮಾತಿನ ಸೂಕ್ಷ್ಮದಲ್ಲಿ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ಜಾರ್ಜಿಯನ್ನಿನಲ್ಲಿ ‘ಶೆನ್’ ಎಂದರೆ ನೀನು, ‘ತ್ಕ್ವೆನ್’ ಎಂದರೆ ನೀವು. ಕನ್ನಡದಂತೆಯೇ ಬಹುವಚನವೇ ಗೌರವ. ಇಂಗ್ಲಿಷಿಗೆ ಈ ಭೇದವಿಲ್ಲ. ಹಾಗಾಗಿ ಇಂಗ್ಲಿಷ್ ಚಿತ್ರವೊಂದು ಬಂದಾಗ, ಯಾರು ಯಾರಿಗೆ ಯಾವಾಗ ‘ಶೆನ್’ ಅನ್ನಬೇಕು ಎಂಬುದನ್ನು ಅನುವಾದಕ ತಾನೇ ಕುಳಿತು ತೀರ್ಮಾನಿಸಬೇಕು. ಒಮ್ಮೆ ನಾವು ಒಂದು ಪತ್ತೇದಾರಿ ಚಿತ್ರ ನೋಡುತ್ತಿದ್ದೆವು. ಪೊಲೀಸ್ ಅಧಿಕಾರಿ, ಗಂಡನನ್ನು ಕಳೆದುಕೊಂಡ ಹೆಂಗಸು. ಒಂದು ಗಂಟೆ ಕಾಲ ಇಬ್ಬರೂ ‘ತ್ಕ್ವೆನ್’ ಎಂದೇ ಮಾತಾಡಿಕೊಂಡರು. ಆಮೇಲೆ ಮಳೆಯಲ್ಲಿ ಕಾರಿನೊಳಗೆ ಕುಳಿತಿದ್ದಾಗ ಆಕೆ ಒಂದು ಸಾಲಿನಲ್ಲಿ ‘ಶೆನ್’ ಎಂದಳು. ಬೆಬೊ ಹೆಣಿಗೆ ನಿಲ್ಲಿಸಿ ತಲೆಯೆತ್ತಿ ಹೇಳಿದರು: ‘ಇವಳಿಗೆ ಅವನ ಮೇಲೆ ಮನಸ್ಸಾಯಿತು.’ ಪರದೆಯ ಮೇಲೆ ಇನ್ನೂ ಏನೂ ನಡೆದಿರಲಿಲ್ಲ! ಮೂಲ ಚಿತ್ರದಲ್ಲಿ ಇಲ್ಲದ ಒಂದು ಕ್ಷಣವನ್ನು, ಮೂಲಕ್ಕೆ ದ್ರೋಹವಾಗದಂತೆ, ಅನುವಾದಕ ಒಂದೇ ಪದದಿಂದ ಸೃಷ್ಟಿಸಿದ್ದ.

ನಾನು ಊರಿಗೆ ಬಂದ ಮೇಲೆ ಕನ್ನಡ ದನಿಯಲ್ಲಿ ನೋಡಿದ ಚಿತ್ರಗಳಲ್ಲಿ ಈ ವಿಷಯ ಹೇಗಿದೆ ಗೊತ್ತೇ? ಹೆಂಡತಿ ಗಂಡನಿಗೆ ಒಂದು ದೃಶ್ಯದಲ್ಲಿ ‘ನೀವು’ ಎನ್ನುತ್ತಾಳೆ, ಮುಂದಿನ ದೃಶ್ಯದಲ್ಲಿ ಕಾರಣವಿಲ್ಲದೆ ‘ನೀನು’ ಎನ್ನುತ್ತಾಳೆ, ಮತ್ತೆ ‘ನೀವು’. ಕಿರಿಯ ಪೇದೆ ಮೇಲಧಿಕಾರಿಗೆ ‘ನೀನು ಸರಿಯಾಗಿ ಹೇಳಿದೆ ಸರ್’ ಎನ್ನುತ್ತಾನೆ. ಮಾತನ್ನು ಬರೆದವರು ದೃಶ್ಯವನ್ನು ನೋಡದೆ ಸಾಲುಗಳ ಪಟ್ಟಿಯನ್ನಷ್ಟೇ ನೋಡಿ ಬರೆದಿದ್ದಾರೆ ಎಂಬುದು ಅಲ್ಲೇ ಎದ್ದು ಕಾಣುತ್ತದೆ. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಚಿತ್ರ ತೋರಿಸುವುದು, ವಾರಗಟ್ಟಲೆ ಸಮಯ ಕೊಡುವುದು, ತಕ್ಕ ಹಣ ಕೊಡುವುದು ನಿಮ್ಮ ಕೈಯಲ್ಲಿದೆ.

ಇನ್ನೊಂದು ಉದಾಹರಣೆ. ಇಂಗ್ಲಿಷ್ ಚಿತ್ರಗಳಲ್ಲಿ ತಂದೆ ಮಗಳು ಫೋನ್ ಇಡುವಾಗ ಪ್ರೀತಿಯ ಮಾತು ಹೇಳಿಕೊಳ್ಳುತ್ತಾರೆ. ಜಾರ್ಜಿಯನ್ನಿನಲ್ಲಿ ಅದಕ್ಕೆ ಒಂದೇ ಪದ, ‘ಮಿಕ್ವರ್ಖರ್’. ನಾನು, ನೀನು, ಪ್ರೀತಿ ಮೂರೂ ಆ ಒಂದು ಕ್ರಿಯಾಪದದೊಳಗೇ ಇವೆ. ಅದೂ ಸಹಜವೆನಿಸದ ಕಡೆ ಅವರು ‘ಗೆನತ್ಸ್ವಾಲೆ’ ಎನ್ನುತ್ತಾರೆ. ನಿನಗೆ ಬರುವುದು ನನಗೆ ಬರಲಿ, ನಿನ್ನ ಬದಲು ನಾನಿರುತ್ತೇನೆ ಎಂಬ ಭಾವ. ನಮ್ಮ ಅಜ್ಜಿಯರು ಮಗುವಿನ ಕೆನ್ನೆ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾರಲ್ಲ, ಅದನ್ನೇ ಮಾತಿನಲ್ಲಿ ಮಾಡಿದಂತೆ. ನಮ್ಮಲ್ಲಿ ಆ ತಂದೆಯ ಬಾಯಿಗೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ ಮಗಳೇ’ ಎಂದು ಹಾಕುತ್ತೀರಿ. ಯಾವ ಕನ್ನಡದ ಅಪ್ಪ ಫೋನಿನಲ್ಲಿ ಹೀಗೆ ಹೇಳಿದ್ದಾನೆ? ‘ಹುಷಾರು ಕಂದಾ’ ಎಂದರೆ ಸಾಕು, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದರೆ ಸಾಕು. ಕೇಳುವ ಮಗಳ ಕಣ್ಣು ತುಂಬುತ್ತದೆ. ತುಟಿ ಮುಚ್ಚಿ ತೆರೆಯುವುದಕ್ಕೆ ಪ, ಬ, ಮ ಕೂಡಿಸುವ ಕೌಶಲ ಬೇಕು ನಿಜ, ಎಷ್ಟು ಹೊತ್ತು ಬಾಯಿ ಆಡುತ್ತದೋ ಅಷ್ಟರಲ್ಲೇ ಮಾತು ಮುಗಿಯಬೇಕು ನಿಜ. ಆದರೆ ಅದೆಲ್ಲ ಆದ ಮೇಲೂ ಆ ಮಾತು ಒಂದು ಕನ್ನಡ ಮನೆಯಲ್ಲಿ ಹುಟ್ಟಿದಂತೆ ಕೇಳಿಸಬೇಕು. ‘ಓ ನನ್ನ ದೇವರೇ’ ಎಂದು ಬೆಚ್ಚಿಬೀಳುವ ಮನುಷ್ಯ ನಮ್ಮ ನಾಡಿನಲ್ಲಿ ಎಲ್ಲಿದ್ದಾನೆ? ಶಿವನೇ, ರಾಮ ರಾಮ, ಅಯ್ಯಯ್ಯೋ, ಅಲ್ಲಾ, ಏಸುವೇ. ಪಾತ್ರಕ್ಕೆ ತಕ್ಕಂತೆ ನಮ್ಮಲ್ಲಿ ಎಷ್ಟು ಉದ್ಗಾರಗಳಿವೆ!

ಕಳೆದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅರಕಲಗೂಡು ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅಜ್ಜಿಯನ್ನೂ ಅಕ್ಕನ ಮಗಳನ್ನೂ ಒಂದು ಮಕ್ಕಳ ಚಿತ್ರಕ್ಕೆ ಕರೆದುಕೊಂಡು ಹೋದೆ. ಕನ್ನಡದಲ್ಲೂ ಬಿಡುಗಡೆ ಎಂದು ಜಾಹೀರಾತಿನಲ್ಲಿತ್ತು. ಹೋಗಿ ನೋಡಿದರೆ ಅಲ್ಲಿನ ಪರದೆಗಳಲ್ಲಿ ಇದ್ದದ್ದು ಹಿಂದಿ, ತೆಲುಗು ಮತ್ತು ಇಂಗ್ಲಿಷ್ ಆಟಗಳು. ಕನ್ನಡದ್ದು ಒಂದೂ ಇಲ್ಲ. ಕೇಳಿದರೆ, ಆ ಪ್ರತಿಗೆ ಬೇಡಿಕೆ ಇಲ್ಲ ಎಂಬ ಉತ್ತರ. ಇಡದ ಸರಕಿಗೆ ಬೇಡಿಕೆ ಎಲ್ಲಿಂದ ಬರಬೇಕು? ಹಿಂದಿ ಆಟಕ್ಕೇ ಕುಳಿತೆವು. ಎರಡು ಗಂಟೆ ಕಾಲ ಅಜ್ಜಿ ನನ್ನ ಕಿವಿಯ ಬಳಿ ‘ಏನಂದಳು? ಏನಂದ?’ ಎಂದು ಕೇಳುತ್ತಿದ್ದರು; ನಾನು ಪಿಸುಗುಡುತ್ತಿದ್ದೆ; ಹಿಂದಿನ ಸಾಲಿನವರು ಗದರಿದರು. ಆಮೇಲೆ ಅಜ್ಜಿ ಕೇಳುವುದನ್ನೇ ಬಿಟ್ಟು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತರು. ತಿಂಗಳ ಬಳಿಕ ಅದೇ ಚಿತ್ರದ ಕನ್ನಡ ದನಿ ಮೊಬೈಲಿನಲ್ಲಿ ಸಿಕ್ಕಿತು. ಹಾಕಿ ತೋರಿಸಿದೆ. ಹತ್ತು ನಿಮಿಷ ನೋಡಿ ಅಜ್ಜಿ ಹೇಳಿದರು: ‘ಇವರು ಆಡುವುದು ಕನ್ನಡವೇ ಹೌದು, ಆದರೆ ಯಾವ ಊರಿನವರು ಎಂದು ಗೊತ್ತಾಗುತ್ತಿಲ್ಲ.’

ಡಬ್ಬಿಂಗ್ ಕನ್ನಡ ಚಿತ್ರಗಳನ್ನು ನುಂಗಿಹಾಕುತ್ತದೆ ಎಂಬ ಭಯದಿಂದ ನಮ್ಮ ಹಿರಿಯರು 1960ರ ದಶಕದಲ್ಲಿ ಹೋರಾಡಿದರು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೊಗಳಲ್ಲಿ, ವರ್ಷಕ್ಕೆ ಬೆರಳೆಣಿಕೆಯಷ್ಟು ತಯಾರಾಗುತ್ತಿದ್ದ ಕಾಲ ಅದು; ಅವರ ಆತಂಕ ಸುಳ್ಳಲ್ಲ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಹೊರಭಾಷೆಯ ಚಿತ್ರ ಕನ್ನಡಕ್ಕೆ ಡಬ್ ಆಗಬಾರದೆಂದು ಅಂದು ಕಟ್ಟಿದ ಗೋಡೆ ಅರ್ಧ ಶತಮಾನ ಉಳಿಯಿತು. ಕಾನೂನಿನಲ್ಲಿ ಇಲ್ಲದ ಆ ತಡೆಯನ್ನು 2015ರಲ್ಲಿ, ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಇದೆಯೇ ಎಂದು ನೋಡುವ ಭಾರತೀಯ ಸ್ಪರ್ಧಾ ಆಯೋಗ ತಪ್ಪೆಂದು ಹೇಳಿತು. ಗೋಡೆಯ ಹಿಂದಿದ್ದ ಆ ವರ್ಷಗಳಲ್ಲಿ ನಮ್ಮ ಜನ ಹೊರಗಿನ ಚಿತ್ರ ನೋಡುವುದನ್ನು ಬಿಟ್ಟರೇ? ಇಲ್ಲ, ತೆಲುಗಿನಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ನೋಡಿದರು. ನಮ್ಮ ಮಕ್ಕಳು ಆನೆ, ಹುಲಿ, ಗ್ರಹ, ನಕ್ಷತ್ರಗಳ ಬಗ್ಗೆ ಕೇಳಿದ್ದೂ ಆ ಭಾಷೆಗಳಲ್ಲೇ. ಜಾರ್ಜಿಯಾದಲ್ಲಿ ಹೊರಗಿನ ಚಿತ್ರಗಳು ಜಾರ್ಜಿಯನ್ ಮಾತಾಡತೊಡಗಿದ ಮೇಲೂ ಅವರ ಸ್ವಂತ ಸಿನಿಮಾ ಸೊರಗಲಿಲ್ಲ. ಗಿಯೊರ್ಗಿ ಒವಾಶ್ವಿಲಿಯವರ ‘ಕಾರ್ನ್ ಐಲ್ಯಾಂಡ್’ 2014ರಲ್ಲಿ ಕಾರ್ಲೊವಿ ವಾರಿ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ದೆಯಾ ಕುಲುಂಬೆಗಾಶ್ವಿಲಿಯವರ ‘ಬಿಗಿನಿಂಗ್’ 2020ರಲ್ಲಿ ಸಾನ್ ಸೆಬಾಸ್ಟಿಯನ್ ಉತ್ಸವದಲ್ಲಿ ಅದೇ ಗೌರವ ಗಳಿಸಿತು.

ಜಾರ್ಜಿಯಾದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಮರ್ನೆವುಲಿಯಲ್ಲಿ ಅಜರ್‌ಬೈಜಾನಿ, ಅಖಲ್ಕಲಾಕಿಯಲ್ಲಿ ಅರ್ಮೇನಿಯನ್ ಮಾತಾಡುವ ಕುಟುಂಬಗಳಿವೆ. ಅಲ್ಲಿನ ಮಗುವಿಗೆ ಜಾರ್ಜಿಯನ್ ದನಿಯ ಕಾರ್ಟೂನು ದೇಶದ ಭಾಷೆ ಕಲಿಯುವ ಬಾಗಿಲೂ ಹೌದು, ತನ್ನ ಮನೆಮಾತು ಪರದೆಯಲ್ಲಿ ಇಲ್ಲ ಎಂಬ ಕೊರಗೂ ಹೌದು. ನಮ್ಮ ತುಳು, ಕೊಡವ, ಬ್ಯಾರಿ, ಲಂಬಾಣಿ ಮಾತಿನ ಮಕ್ಕಳನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ಮೂಲ ನಟರ ದನಿಯನ್ನೇ ಕೇಳಬೇಕೆನ್ನುವವರ ಮಾತನ್ನೂ ನಾನು ಒಪ್ಪುತ್ತೇನೆ. ಅವರಿಗೆ ಕನ್ನಡ ಅಡಿಬರಹವಿರುವ ಪ್ರತಿ ಸಿಗಲಿ. ಎರಡೂ ಇರಲಿ ಎಂಬುದೇ ನನ್ನ ಕೋರಿಕೆ.

ಹಾಗಾದರೆ ನಿಮ್ಮಿಂದ ನಾನು ಬೇಡುವುದೇನು? ಮಾತು ಬರೆಯುವ ಕೆಲಸವನ್ನು ಕನ್ನಡದಲ್ಲಿ ಕಥೆ, ನಾಟಕ ಬರೆದು ಪಳಗಿದವರಿಗೆ ಕೊಡಿ. ಅವರ ಕೈಗೆ ಪೂರ್ತಿ ಚಿತ್ರ ಕೊಡಿ. ಟಿಬಿಲಿಸಿಯಲ್ಲಿ ರಂಗದ ಮೇಲೆ ನಿಂತು ಪಳಗಿದ ನಟರು ಮೈಕಿನ ಮುಂದೆಯೂ ಬಂದು ನಿಲ್ಲುತ್ತಾರೆ. ನಮ್ಮಲ್ಲಿ ಹೆಗ್ಗೋಡಿನ ನೀನಾಸಮ್‌ನಿಂದ, ಮೈಸೂರಿನ ರಂಗಾಯಣದಿಂದ ಹೊರಬಂದ ಎಷ್ಟು ಒಳ್ಳೆಯ ಕಂಠಗಳಿವೆ! ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳು ಅರ್ಥವಾಗುತ್ತವೆ ಎಂಬ ನಂಬಿಕೆಯಿಂದ ನೀನಾಸಮ್ 1970ರ ದಶಕದಲ್ಲೇ ಅವುಗಳನ್ನು ಹೆಗ್ಗೋಡಿಗೆ ತಂದಿತ್ತು. ಎಲ್ಲ ಪಾತ್ರಗಳೂ ಒಂದೇ ಪುಸ್ತಕದ ಕನ್ನಡ ಆಡಬೇಕಾಗಿಲ್ಲ. ಧಾರವಾಡದ, ಕುಂದಾಪುರದ, ಕಲಬುರಗಿಯ ದನಿಗಳೂ ಪರದೆಗೆ ಬರಲಿ. ಆದರೆ ಕಳ್ಳನಿಗೂ ಕೋಡಂಗಿಗೂ ಮಾತ್ರ ಆ ಮಾತು ಕೊಡುವ ಚಾಳಿ ಬೇಡ. ಬರೆದವರ, ದನಿ ಕೊಟ್ಟವರ ಹೆಸರನ್ನು ಚಿತ್ರದ ಕೊನೆಯಲ್ಲಿ ಓದಲು ಆಗುವಷ್ಟು ಹೊತ್ತು ತೋರಿಸಿ. ಅವರ ದನಿಯನ್ನು ಯಂತ್ರಕ್ಕೆ ಕಲಿಸಿ ಅವರನ್ನೇ ಹೊರಗಿಡುವ ಕೆಲಸವನ್ನು, ಅವರ ಒಪ್ಪಿಗೆಯಿಲ್ಲದೆ, ದಯವಿಟ್ಟು ಮಾಡಬೇಡಿ.

ಎಲ್ಲಕ್ಕಿಂತ ಮೊದಲು ಮಕ್ಕಳ ಚಿತ್ರಗಳನ್ನು ತನ್ನಿ. ಕನ್ನಡ ಪ್ರತಿಯನ್ನು ಬಿಡುಗಡೆಯ ದಿನವೇ, ಜಿಲ್ಲಾ ಕೇಂದ್ರಗಳಲ್ಲಿ, ಕುಟುಂಬಗಳು ಬರಬಲ್ಲ ಹೊತ್ತಿನಲ್ಲಿ ಹಾಕಿ. ಬೆಳಗಿನ ಎಂಟರ ಒಂದೇ ಆಟ ಹಾಕಿ, ಜನ ಬರಲಿಲ್ಲ ಎಂದು ಮೂರನೆಯ ದಿನ ತೆಗೆಯಬೇಡಿ. ಒಂದು ವರ್ಷ ಹೀಗೆ ಮಾಡಿ ಲೆಕ್ಕ ನೋಡಿ, ಆ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ. ಆಗಲೂ ಜನ ಬಾರದಿದ್ದರೆ ನಾನು ಮತ್ತೆ ಬರೆಯುವುದಿಲ್ಲ.

ಬೆಬೊ ಈಗಲೂ ತಿಂಗಳಿಗೊಮ್ಮೆ ವಿಡಿಯೊ ಕರೆ ಮಾಡುತ್ತಾರೆ. ಹಿಂದೆ ಟಿ.ವಿ. ಓಡುತ್ತಿರುತ್ತದೆ, ಮೊಮ್ಮಗಳು ಈಗ ದೊಡ್ಡವಳಾಗಿದ್ದಾಳೆ, ಆದರೂ ಅದೇ ಸೋಫಾದಲ್ಲಿ ಅಜ್ಜಿಯ ಪಕ್ಕ ಇರುತ್ತಾಳೆ. ನನ್ನ ಅಜ್ಜಿಗೆ ಎಂಬತ್ತೊಂದು. ರಾತ್ರಿ ಕಣ್ಣು ಮಂಜಾಗುತ್ತದೆ, ಕಿವಿ ಮಾತ್ರ ಚುರುಕು. ಬರುವ ಬೇಸಿಗೆ ರಜೆಯಲ್ಲಿ ಹಾಸನದಲ್ಲಿ ಒಂದು ಮಕ್ಕಳ ಚಿತ್ರದ ಮಧ್ಯಾಹ್ನದ ಆಟವನ್ನು ಒಳ್ಳೆಯ ಕನ್ನಡದಲ್ಲಿ ಹಾಕಿ. ಅಜ್ಜಿಗೆ, ಅಕ್ಕನ ಮಗಳಿಗೆ, ನನಗೆ, ಮೂರು ಟಿಕೆಟ್ ಮುಂಗಡವಾಗಿಯೇ ಕೊಳ್ಳುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಹಾಸನ ಜಿಲ್ಲೆಯ ಒಬ್ಬ ವೈದ್ಯೆ